ಎಡಗಡೆ ಮುಂದಿನ ಬ್ರೇಕಿನಲ್ಲಿ ಒಳಗಿನ ಪ್ಯಾಡ್ ಮಾತ್ರ ಸವೆದಿದೆ, ಯಾಕೆ?

ಕಡಲಬದಿ:
ಕಾರು ಇರೋದು ಕಾರವಾರದಲ್ಲಿ. ವಾರಕ್ಕೊಮ್ಮೆ ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರ್ತೇನೆ. ಎಡ ಮುಂಚಕ್ರದ ಒಳಪ್ಯಾಡ್ 2 ಮಿ.ಮೀ.ಗೆ ಬಂದಿದೆ, ಹೊರಗಿನದು ಇನ್ನೂ 7. ಬಲಗಡೆ ಎರಡೂ 6ರ ಆಸುಪಾಸು. ಹೊಸ ಪ್ಯಾಡ್ ಹಾಕಿದ್ರೆ ಸಾಕು ಅಂತಾರೆ ಗ್ಯಾರೇಜಿನಲ್ಲಿ. ಸಾಕಾ?

ಪಾನಾ-ಪಕ್ಕಡ:
ಸಾಕಾಗಲ್ಲ, ಹೊಸದೂ ಹೀಗೇ ಹೋಗ್ತದೆ. ಫ್ಲೋಟಿಂಗ್ ಕ್ಯಾಲಿಪರ್‌ನಲ್ಲಿ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತೋ, ಪಕ್ಕಕ್ಕೆ ಜಾರೋ ಭಾಗ) ಪಿಸ್ಟನ್ ಒಳಬದಿಗೆ ಮಾತ್ರ. ಅದು ಒಳಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ ಹೊರಪ್ಯಾಡನ್ನು ಎಳೆದು ತರಬೇಕು. ಪಿನ್ ಜಾಮ್ ಆದ್ರೆ ದುಡಿಮೆಯೆಲ್ಲ ಒಳಪ್ಯಾಡಿನದೇ. ನಮ್ಮ ಉಪ್ಪುಗಾಳಿಗೆ, ಮಳೆಗೆ ಪಿನ್ನಿನ ರಬ್ಬರ್ ಬೂಟು (ಹೊದಿಕೆ) ಸ್ವಲ್ಪ ಸೀಳಿದ್ರೂ ಸಾಕು, ಒಳಗೆ ತುಕ್ಕು. ಕ್ಯಾಲಿಪರ್ ಬಿಚ್ಚಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ (ಹೋಸಿನ, ಅಂದ್ರೆ ಬ್ರೇಕ್ ಫ್ಲೂಯಿಡ್ ಬರೋ ರಬ್ಬರ್ ಪೈಪಿನ ಮೇಲೆ ಜೋತುಬಿಡಬೇಡಿ), ಎರಡೂ ಪಿನ್ ಕೈಯಲ್ಲೇ ಹಿಂದೆಮುಂದೆ ಸರಿಯುತ್ತಾ ನೋಡಿ. ಒಳಪ್ಯಾಡ್ ಓರೆಯಾಗಿ ಸವೆದಿದ್ರೆ ಒಂದೇ ಪಿನ್ ಹಿಡಿದಿರೋದು.

ಘಟ್ಟದ ಗೇರು:
ಪಿನ್ ಸಲೀಸಾಗಿದ್ರೆ ಪಿಸ್ಟನ್ ನೋಡಿ. ಬ್ರೇಕ್ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದು, ಹಳೆ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಲ್ಲಿ ಪಿಸ್ಟನನ್ನು ನಿಧಾನ ಒಳಗೆ ಒತ್ತಿ. ಡಬ್ಬಿ ಉಕ್ಕಿ ಪೇಂಟಿಗೆ ಬಿದ್ರೆ ಪೇಂಟ್ ಎದ್ದುಬರ್ತದೆ. ಬಿಗಿಯಾಗಿದ್ರೆ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಫ್ಲೂಯಿಡ್ ಹೊರಬಿಡೋ ಸ್ಕ್ರೂ) ಸಡಿಲಿಸಿ ಮತ್ತೆ ಒತ್ತಿ. ಆಗ ಸುಲಭವಾಗಿ ಹೋದ್ರೆ ಹೋಸ್ ಒಳಗೆ ಊದಿಕೊಂಡಿದೆ ಅಂತ ಅರ್ಥ. ಆದ್ರೆ ಹೋಸ್ ಕೆಟ್ಟಿದ್ರೆ ಎರಡೂ ಪ್ಯಾಡ್ ಸವೀತಿತ್ತು, ನಿಮ್ಮ ಲೆಕ್ಕಕ್ಕೆ ಅದು ಹೊಂದಲ್ಲ. ಪ್ಯಾಡಿನ ಕಿವಿ ಕೂರುವ ಜಾಗದ ಸ್ಟೀಲ್ ಕ್ಲಿಪ್ ತೆಗೆದು ಅಡಿಯ ತುಕ್ಕನ್ನೂ ತಂತಿ ಬ್ರಷ್‌ನಿಂದ ಉಜ್ಜಿ. ಇದನ್ನು ಮಾಡೋರೇ ಕಡಿಮೆ.

ಕಡಲಬದಿ:
ಮೇಲಿನ ಪಿನ್ ಬಂತು. ಕೆಳಗಿನದು ಅಲ್ಲಾಡ್ತಿಲ್ಲ, ಬೂಟು ಸೀಳಿದೆ. ಪ್ಯಾಡೂ ಓರೆಯಾಗಿದೆ. ಸುತ್ತಿಗೆಯಲ್ಲಿ ಹೊಡೀಲಾ?

ಪಾನಾ-ಪಕ್ಕಡ:
ಬೇಡ ಮಾರಾಯ್ರೆ! ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಡಿಸ್ಕಿಗೆ ತಾಗದಂತೆ ಬಟ್ಟೆ ಮುಚ್ಚಿ. ಆಮೇಲೆ ಪಾನಾದಲ್ಲಿ ಅತ್ತಿತ್ತ ತಿರುಗಿಸುತ್ತ ಎಳೀರಿ. ಪಿನ್ನಿನಲ್ಲಿ ಗುಳಿ ಬಿದ್ದಿದ್ರೆ ಪಿನ್ನು, ಬೂಟು ಎರಡೂ ಹೊಸದು ಹಾಕಿ. ತೂತು ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ, ಸಿಲಿಕಾನ್ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗ್ ಗ್ರೀಸ್ ಹಾಕಿದ್ರೆ ರಬ್ಬರ್ ಉಬ್ಬಿ ಮತ್ತೆ ಜಾಮ್. ಕೆಲವು ಕಾರಲ್ಲಿ ಒಂದು ಪಿನ್ನಿಗೆ ಮಾತ್ರ ರಬ್ಬರ್ ತೋಳು ಇರ್ತದೆ, ಮೇಲೆ-ಕೆಳಗೆ ಅದಲುಬದಲು ಮಾಡಬೇಡಿ.

ಘಟ್ಟದ ಗೇರು:
ಪ್ಯಾಡ್ ಎಡ-ಬಲ ಎರಡೂ ಬದಿಗೆ ಹಾಕಿ, ಒಂದೇ ಬದಿಗೆ ಹಾಕಿದ್ರೆ ಕಾರು ಎಳೀತದೆ. ಡಿಸ್ಕಿನ ದಪ್ಪವನ್ನು ಅದರ ಮೇಲೆ ಕೊರೆದಿರೋ ಕನಿಷ್ಠ ಅಳತೆ ಜೊತೆ ಹೋಲಿಸಿ. ಗಾಡಿ ಕದಲಿಸೋ ಮೊದಲು ಪೆಡಲ್ ಗಟ್ಟಿಯಾಗೋವರೆಗೆ ತುಳೀರಿ. ಹೊಸ ಪ್ಯಾಡ್ ಕೂರೋಕೆ 200 ಕಿ.ಮೀ. ಬೇಕು, ಅಲ್ಲಿವರೆಗೆ ದೇವಿಮನೆ ಇಳಿಯೋದು ಬೇಡ.