‘ಸುಳ್ಳು ಸುದ್ದಿ’ ಎಂಬ ಒಂದೇ ಪದ ಸಾಕೆ?

ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ತಾರದೆ, ಆನ್‌ಲೈನ್‌ನಲ್ಲಿ ಹರಡುವ ಸುಳ್ಳನ್ನು ಪ್ರಜಾಪ್ರಭುತ್ವಗಳು ಹೇಗೆ ಎದುರಿಸಬಹುದು ಎಂಬ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಪರಿಚಯಿಸುವ ಕಿರುಹೊತ್ತಿಗೆಯೊಂದನ್ನು ಹಾಸನದ ಪದವಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ‘ಡಿಸ್‌ಇನ್ಫರ್ಮೇಶನ್’ಗೆ ಕನ್ನಡದಲ್ಲಿ ಒಂದು ಪದ ಸಿಗದೆ ಬರವಣಿಗೆ ನಿಂತಿದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಕ್ಲೇರ್ ವಾರ್ಡಲ್ ಮತ್ತು ಹೊಸೇನ್ ದೆರಖ್‌ಶಾನ್ ಎಂಬ ಸಂಶೋಧಕರು 2017ರಲ್ಲಿ, ಯುರೋಪಿನ ದೇಶಗಳ ಮಾನವ ಹಕ್ಕುಗಳ ಸಂಸ್ಥೆಯಾದ ಕೌನ್ಸಿಲ್ ಆಫ್ ಯುರೋಪ್‌ಗೆ ಬರೆದುಕೊಟ್ಟ ವರದಿ ಮೂರು ಬಗೆಗಳನ್ನು ಬೇರ್ಪಡಿಸುತ್ತದೆ. ತಪ್ಪೆಂದು ತಿಳಿಯದೆ ಹಂಚಿದ್ದು ಮಿಸ್‌ಇನ್ಫರ್ಮೇಶನ್, ತಪ್ಪೆಂದು ತಿಳಿದೇ ಕೇಡು ಬಯಸಿ ಹರಡಿದ್ದು ಡಿಸ್‌ಇನ್ಫರ್ಮೇಶನ್, ಸಂಗತಿ ನಿಜವೇ ಆಗಿದ್ದರೂ ಯಾರಿಗೋ ಹಾನಿ ಮಾಡಲೆಂದು ಹೊರಬಿಟ್ಟಿದ್ದು ಮ್ಯಾಲ್‌ಇನ್ಫರ್ಮೇಶನ್. ಕನ್ನಡ ಪತ್ರಿಕೆಗಳಲ್ಲಿ ಮೊದಲೆರಡಕ್ಕೂ ಹೆಚ್ಚಾಗಿ ‘ಸುಳ್ಳು ಸುದ್ದಿ’ ಎಂದೇ ಬರೆಯುತ್ತಾರೆ.

ಈ ವ್ಯತ್ಯಾಸ ಪಂಡಿತರಿಗೆ ಮಾತ್ರ ಬೇಕಾದದ್ದಲ್ಲ ಎಂಬುದು ನನಗೆ ಮನದಟ್ಟಾದದ್ದು ಸಕಲೇಶಪುರದ ಕಡೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ. ಕಾಫಿ ಕೊಯ್ಲಿನ ಒಂದು ಬೆಳಿಗ್ಗೆ ಅವರ ಮೊಬೈಲಿಗೆ ಆನೆ ಹಿಂಡೊಂದು ತೋಟ ತುಳಿಯುವ ವಿಡಿಯೊ ಬಂತು. ಕೆಳಗೆ ಪಕ್ಕದ ಊರಿನ ಹೆಸರಿತ್ತು. ದೊಡ್ಡಮ್ಮ ಗಾಬರಿಯಿಂದ ಅದನ್ನು ನೆಂಟರಿಗೂ ಆಳುಗಳ ಮೇಸ್ತ್ರಿಗೂ ಕಳಿಸಿದರು, ಹಣ್ಣು ಕುಯ್ಯಲು ಅಂದು ಯಾರೂ ಬರಲಿಲ್ಲ. ಆ ವಿಡಿಯೊ ಬೇರೆ ರಾಜ್ಯದ್ದು, ಹಳೆಯದು ಎಂದು ಸಂಜೆ ತಿಳಿಯಿತು. ‘ಸುಳ್ಳು ಸುದ್ದಿ ಹಬ್ಬಿಸಿಬಿಟ್ರಲ್ಲ ದೊಡ್ಡಮ್ಮ’ ಎಂದು ನಾನು ಅಂದದ್ದಕ್ಕೆ ಅವರ ಮುಖ ಸಣ್ಣಗಾಯಿತು. ‘ನಾನೇನು ಸುಳ್ಳು ಹೇಳಿದ್ನೇನಪ್ಪ? ಜನ ಹುಷಾರಾಗಿರ್ಲಿ ಅಂತ ಕಳ್ಸಿದೆ’ ಎಂದರು. ಅವರ ಮಾತು ಭಾಷೆಯ ದೃಷ್ಟಿಯಿಂದಲೂ ಸರಿ. ‘ತಪ್ಪು’ ಎಂದರೆ ಸಂಗತಿಯ ದೋಷವಷ್ಟೇ ಆಗಬಹುದು, ‘ಸುಳ್ಳು’ ಎಂದೊಡನೆ ಸುಳ್ಳು ಹೇಳಿದವರೊಬ್ಬರು ಕಣ್ಣೆದುರು ನಿಲ್ಲುತ್ತಾರೆ.

ಕಾನೂನಿನಲ್ಲಂತೂ ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದ ಆಡಳಿತಾಂಗವಾದ ಯುರೋಪಿಯನ್ ಕಮಿಷನ್ 2018ರಲ್ಲಿ ಡಿಸ್‌ಇನ್ಫರ್ಮೇಶನ್ ಪದವನ್ನು ವಿವರಿಸುವಾಗ, ಹಣ ಗಳಿಸಲು ಅಥವಾ ಉದ್ದೇಶಪೂರ್ವಕವಾಗಿ ಜನರನ್ನು ವಂಚಿಸಲು ಹರಡಿದ್ದು ಎಂಬ ಅಂಶವನ್ನು ಸೇರಿಸಿ, ವರದಿಗಾರಿಕೆಯ ತಪ್ಪು, ವಿಡಂಬನೆ, ಅಣಕಗಳನ್ನು ಹೊರಗಿಟ್ಟಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಕುರಿತ ಆನ್‌ಲೈನ್ ಮಾಹಿತಿ ನಿಜವೋ ಸುಳ್ಳೋ ಎಂದು ಗುರುತಿಸಲು ಸರ್ಕಾರದ್ದೇ ಘಟಕಕ್ಕೆ ಅವಕಾಶ ಕೊಟ್ಟ, 2023ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ತಿದ್ದುಪಡಿಯ ಭಾಗವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದಾಗ, ‘ಫೇಕ್’, ‘ಫಾಲ್ಸ್’, ‘ಮಿಸ್‌ಲೀಡಿಂಗ್’ ಎಂಬ ಮಾತುಗಳಿಗೆ ಖಚಿತವಾದ ಅರ್ಥವಿಲ್ಲ ಎಂಬುದೂ ಕಾರಣಗಳಲ್ಲಿ ಒಂದಾಗಿತ್ತು. 2025ರಲ್ಲಿ ಚರ್ಚೆಗೆ ಬಂದ, ಸುಳ್ಳು ಸುದ್ದಿ ತಡೆಯುವ ಕರ್ನಾಟಕದ ಕರಡು ಮಸೂದೆಯಲ್ಲಿ ‘ಮಿಸ್‌ಇನ್ಫರ್ಮೇಶನ್’ ಎಂಬುದರ ವ್ಯಾಖ್ಯೆಯೊಳಗೇ ‘ತಿಳಿದೂ ತಿಳಿದು’ ಎಂಬರ್ಥದ ಮಾತಿತ್ತು. ಸಂಶೋಧಕರು ಅದನ್ನು ಡಿಸ್‌ಇನ್ಫರ್ಮೇಶನ್ ಎನ್ನುತ್ತಾರೆ. ಇಂಗ್ಲಿಷಿನಲ್ಲೇ ಹೀಗೆ ಗಡಿ ಅಳಿಸಿಹೋಗಿರುವಾಗ, ಎರಡಕ್ಕೂ ಒಂದೇ ಪದ ಬಳಸುವ ಕನ್ನಡದಲ್ಲಿ ದೊಡ್ಡಮ್ಮನಂಥವರಿಗೂ, ವಿಡಿಯೊಗೆ ಬೇಕೆಂದೇ ಬೇರೆ ಊರಿನ ಹೆಸರು ಸೇರಿಸಿದವನಿಗೂ ಒಂದೇ ಹಣೆಪಟ್ಟಿ ಬೀಳುತ್ತದೆ.

ಮಿಸ್‌ಇನ್ಫರ್ಮೇಶನ್‌ಗೆ ‘ತಪ್ಪು ಮಾಹಿತಿ’ ಸಾಕು. ಮೂರನೆಯದಾದ ಮ್ಯಾಲ್‌ಇನ್ಫರ್ಮೇಶನ್‌ಗೆ ‘ಚಾಡಿ’ ಬಹಳ ಹತ್ತಿರ ಬರುತ್ತದೆ, ಏಕೆಂದರೆ ಚಾಡಿ ನಿಜವೂ ಆಗಿರಬಹುದು, ಹೇಳುವವರ ಮನಸ್ಸು ಮಾತ್ರ ಕೆಟ್ಟದ್ದು. ಆದರೆ ಒಬ್ಬರ ಖಾಸಗಿ ದಾಖಲೆಗಳನ್ನು ಕದ್ದು ಚುನಾವಣೆಯ ಹೊತ್ತಿಗೆ ಬಯಲಿಗೆ ಬಿಡುವಂಥ ದೊಡ್ಡ ಕೃತ್ಯಕ್ಕೆ ಆ ಪದ ಚಿಕ್ಕದಾಯಿತೇನೋ. ವದಂತಿ, ಪುಕಾರು, ಗುಲ್ಲು, ಗಾಳಿಸುದ್ದಿಗಳೆಲ್ಲ ಮಾತು ಹರಡುವ ರೀತಿಯನ್ನು ಹೇಳುತ್ತವೆ, ಹುಟ್ಟಿಸಿದವರ ಉದ್ದೇಶವನ್ನಲ್ಲ.

ತೊಡಕಿರುವುದು ಎರಡನೆಯದಾದ ಡಿಸ್‌ಇನ್ಫರ್ಮೇಶನ್‌ನಲ್ಲಿ. ‘ಅಪಪ್ರಚಾರ’ ಎನ್ನೋಣವೆಂದರೆ ಅದು ಸಾಮಾನ್ಯವಾಗಿ ಒಬ್ಬರ ವಿರುದ್ಧ, ಒಂದು ಸಂಸ್ಥೆಯ ವಿರುದ್ಧ ನಡೆಯುವಂಥದ್ದು. ಮತದಾನದ ದಿನ ಮುಂದಕ್ಕೆ ಹೋಗಿದೆ ಎಂದು ಯಾರೋ ಬೇಕೆಂದೇ ಹಬ್ಬಿಸಿದರೆ ಅಲ್ಲಿ ಯಾರ ಹೆಸರಿಗೂ ಮಸಿ ಬಳಿದಂತಾಗುವುದಿಲ್ಲ, ಕೆಡುವುದು ಮತದಾನವೇ. ‘ದುರ್ಮಾಹಿತಿ’ ಎಂಬ ಹೊಸ ಪದವನ್ನು ಯೋಚಿಸಿದೆ. ದುರ್ಬಳಕೆ, ದುರ್ನಡತೆಗಳು ರೂಢಿಯಲ್ಲಿರುವಾಗ ಸಂಸ್ಕೃತದ ಉಪಸರ್ಗ ಇಲ್ಲೇಕೆ ಎಂದು ಯಾರೂ ಆಕ್ಷೇಪಿಸಲಾರರು. ಆದರೂ ಓದಿದಾಗ ‘ಕೆಟ್ಟ ಗುಣಮಟ್ಟದ ಮಾಹಿತಿ’ ಎಂಬರ್ಥವೇ ಮೊದಲು ಹೊಳೆಯುತ್ತದೆ, ಕೇಡಿನ ಉದ್ದೇಶವಲ್ಲ.

ನನ್ನ ಒಲವು ‘ಕಟ್ಟುಸುದ್ದಿ’ ಎಂಬುದರ ಕಡೆಗಿದೆ. ‘ಕಟ್ಟುಕತೆ’ ಎಲ್ಲರಿಗೂ ಗೊತ್ತು, ‘ಇಲ್ಲದ್ದನ್ನು ಕಟ್ಟಿ ಹೇಳಬೇಡ’ ಎಂದು ಮಕ್ಕಳಿಗೂ ಹೇಳುತ್ತೇವೆ. ಕಟ್ಟುವ ಕೆಲಸ ತಿಳಿಯದೆ ಆಗುವಂಥದ್ದಲ್ಲ, ಹಾಗಾಗಿ ಉದ್ದೇಶ ಕ್ರಿಯಾಪದದೊಳಗೇ ಇದೆ. ಅದಕ್ಕೂ ಮಿಗಿಲಾಗಿ, ಆ ಆನೆಯ ವಿಡಿಯೊದಲ್ಲಿ ಚಿತ್ರ ನಿಜ, ಊರಿನ ಹೆಸರು ಮಾತ್ರ ತಂದು ಕಟ್ಟಿದ್ದು; ಹೆಣೆಯುವುದು, ಗಂಟುಹಾಕುವುದು ಎಂಬ ‘ಕಟ್ಟು’ವಿನ ಎರಡೂ ಅರ್ಥಗಳು ಇಲ್ಲಿ ಕೂಡಿಬರುತ್ತವೆ. ವ್ಯಾಕರಣದ ತೊಡಕೂ ಇಲ್ಲ. ‘ಸುದ್ದಿ’ ಎಂಬುದು ‘ಶುದ್ಧಿ’ಯ ತದ್ಭವವಾದ್ದರಿಂದ ಹಳೆಯ ವ್ಯಾಕರಣಕಾರ ಕೇಶಿರಾಜನ ಲೆಕ್ಕದಲ್ಲೂ ಇದು ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸುವ ದೋಷ) ಆಗುವುದಿಲ್ಲ.

ಈ ಪದ ಅಥವಾ ಇದಕ್ಕೆ ಹತ್ತಿರದ ಬೇರೊಂದು ಪದ ಮಲೆನಾಡಿನಲ್ಲೋ, ಅರಸೀಕೆರೆ, ಕಡೂರುಗಳ ಬಯಲುಸೀಮೆಯಲ್ಲೋ ಜನರ ಬಾಯಲ್ಲಿ ಇದೆಯೇ? ‘ಕಟ್ಟುಸುದ್ದಿ’ಯನ್ನು ಮೊದಲ ಸಲ ಓದಿದಾಗ ನಿಮಗೆ ಹೊಳೆದ ಅರ್ಥ ಯಾವುದು? ಇದರ ಜೊತೆಗೆ, ಸುಳ್ಳು ಬರುವ ಮುನ್ನವೇ ಅದರ ತಂತ್ರವನ್ನು ಜನರಿಗೆ ತೋರಿಸಿಕೊಡುವ ‘ಪ್ರೀಬಂಕಿಂಗ್’ ಎಂಬ ವಿಧಾನಕ್ಕೂ ಒಂದು ಪದ ಬೇಕು. ಮನಶ್ಶಾಸ್ತ್ರಜ್ಞ ವಿಲಿಯಂ ಮೆಕ್‌ಗೈರ್ 1960ರ ದಶಕದಲ್ಲಿ ಲಸಿಕೆಯ ಹೋಲಿಕೆಯ ಮೇಲೆಯೇ ಈ ವಿಚಾರವನ್ನು ಬೆಳೆಸಿದ್ದರಿಂದ, ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿ ಅಭ್ಯಾಸವಿರುವ ನಮ್ಮವರಿಗೆ ‘ಮಾತಿನ ಲಸಿಕೆ’ ಎಂದರೆ ತಿಳಿದೀತೇ, ಅಥವಾ ಇನ್ನೂ ನೇರವಾದ ಪದವಿದೆಯೇ, ತಿಳಿಸಿ.