ಸಹಾಯ ಬೇಕು: ಮೊಸಳೆ ಮುದ್ರೆಯ ಮಚ್ಚು, ಕೆತ್ತಿದ ಹಿಡಿ. ಕಾಲ ಯಾವುದು?

ಅಲಗು 46 ಸೆಂ.ಮೀ., ಬೆನ್ನಿನ ದಪ್ಪ ಹಿಡಿ ಹತ್ತಿರ 3 ಮಿ.ಮೀ., ತುದಿಗೆ ಹೋಗುತ್ತ 2ಕ್ಕೆ ಇಳಿಯುತ್ತದೆ. ಮುದ್ರೆಯಲ್ಲಿ ಮೊಸಳೆ, ಅದರ ಕೆಳಗೆ ತಯಾರಕರ ಹೆಸರು ಮಾರ್ಟಿಂಡೇಲ್, ಊರು ಬರ್ಮಿಂಗ್‌ಹ್ಯಾಮ್. ಕೊನೆಯ ಸಾಲು ಸವೆದಿದೆ, 'ಇಂಗ್ಲೆಂಡ್' ಮಾತ್ರ ಕಾಣುತ್ತದೆ. ಬ್ರಿಟಿಷ್ ಸೈನ್ಯದ ಬಾಣದ ಗುರುತಾಗಲಿ ಇಸವಿಯಾಗಲಿ ಇಲ್ಲ. ಹಾಗಾಗಿ ತೋಟದ ಕೆಲಸಕ್ಕೆ ರಫ್ತಾದ ಮಾಲು ಎಂದೇ ನನ್ನ ಅಂದಾಜು.

ಗೊಂದಲ ಇರುವುದು ಹಿಡಿಯಲ್ಲಿ. ಅಲಗಿನ ಬಾಲದಲ್ಲಿ, ಅಂದರೆ ಹಿಡಿಯೊಳಗೆ ಕೂರುವ ಭಾಗದಲ್ಲಿ, ಐದು ತೂತುಗಳಿವೆ, ರಿವೆಟ್ ಇರುವುದು ಎರಡರಲ್ಲೇ, ಅವೂ ಮೊಳೆ ಕತ್ತರಿಸಿ ತಟ್ಟಿದವು. ಅಂದರೆ ಕಾರ್ಖಾನೆಯ ಎರಡು ಹೋಳಿನ ಹಿಡಿ ತೆಗೆದು, ಒಂದೇ ಮರದ ತುಂಡು ಸೀಳಿ ಕೂರಿಸಿದ್ದಾರೆ. ತುದಿಯಲ್ಲಿ ಮನುಷ್ಯನ ತಲೆ, ಕತ್ತಿನಲ್ಲಿ ಉಂಗುರದಂಥ ಮಡಿಕೆಗಳು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಮೆಂಡೆ ಜನರ ಕೆತ್ತನೆಯೋ, ಐವರಿ ಕೋಸ್ಟ್‌ನ ಬಾವ್ಲೆ ಜನರದ್ದೋ? ಎರಡನ್ನೂ ಕೈಯಲ್ಲಿ ಹಿಡಿದು ನೋಡಿದವರು ಹೇಳಿ. ಬರೀ 'ಆಫ್ರಿಕನ್' ಅಂದರೆ ಪ್ರಯೋಜನವಿಲ್ಲ.

ಪ್ರವಾಸಿಗರಿಗಾಗಿ ಮಾಡಿದ್ದೇ ಎಂದೂ ನೋಡಿದೆ. ಅಂಥವಕ್ಕೆ ಬೂಟ್ ಪಾಲಿಶ್ ಬಳಿದಿರುತ್ತಾರೆ, ಗೀರಿನ ತಳವೂ ಒಂದೇ ಸಮ ಕಪ್ಪು; ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹತ್ತಿಗೆ ಬಣ್ಣ ಹತ್ತುತ್ತದೆ. ಇದರಲ್ಲಿ ಹತ್ತಲಿಲ್ಲ. ಅಂಗೈ ಕೂರುವ ಕಡೆ ಮಾತ್ರ ನುಣುಪು, ತಲೆಯ ಹಿಂಭಾಗ ಒರಟಾಗಿಯೇ ಇದೆ.

ದಯವಿಟ್ಟು ಅಲಗಿನ ಇಸವಿಯನ್ನೇ ಹಿಡಿಯ ಇಸವಿ ಅನ್ನಬೇಡಿ, ಹಿಡಿ ದಶಕಗಳ ನಂತರದ್ದೂ ಆಗಿರಬಹುದು. ನನಗೆ ಬೇಕಾದದ್ದು ಎರಡು: ಒಂದು, ಬೇರೆ ಬೇರೆ ಕಾಲದ ಮುದ್ರೆಗಳ ಹತ್ತಿರದ ಫೋಟೋ, ಹೋಲಿಸಿ ನೋಡಲು (ಈ ಮೊಸಳೆಯ ಬಾಯಿ ಮುಚ್ಚಿದೆ); ಇನ್ನೊಂದು, ಹಿಡಿಯ ಮರ ಯಾವುದೆಂಬ ಅಂದಾಜು, ಮರದ ತುದಿಯ ಅಡ್ಡ ಕಡಿತದ ಫೋಟೋ ಕಮೆಂಟ್‌ನಲ್ಲಿ ಹಾಕಿದ್ದೇನೆ. ತುಕ್ಕು ತೆಗೆಯುವ ಆಸಿಡ್ ಸಲಹೆ ಬೇಡ, ಉಳಿದ ಅಕ್ಷರಗಳೂ ಹೋಗುತ್ತವೆ.