ಮುಂದಿನ ಬ್ರೇಕ್ ಡಿಸ್ಕ್ ಇಷ್ಟು ಬೇಗ ಸವೆಯುವುದೇಕೆ? ಪಿಕಪ್, ದೊಡ್ಡ ಎಸ್‌ಯುವಿ ಇರುವವರು ಅನುಭವ ತಿಳಿಸಿ

ಪ್ರಶ್ನೆ, ಪುತ್ತೂರಿನಿಂದ:
ನಮ್ಮದು ಡೀಸೆಲ್ ಡಬಲ್ ಕ್ಯಾಬ್ ಪಿಕಪ್. ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ ಆಗಾಗ ಹೋಗಿಬರುವ ಓಡಾಟ. ಹಿಂದೆ ಹೆಚ್ಚಾಗಿ ಹೊರೆ ಇರುತ್ತದೆ. ಕಳೆದ ವರ್ಷ ಗಾಡಿಯನ್ನು ಎರಡು ಇಂಚು ಎತ್ತರಿಸಿ ದೊಡ್ಡ ಟೈರ್ ಹಾಕಿಸಿದ್ದೇವೆ. 42,000 ಕಿ.ಮೀ.ಗೇ ಮುಂದಿನ ಡಿಸ್ಕ್‌ಗಳ ಅಂಚಿನಲ್ಲಿ ಏಣು ಎದ್ದಿದೆ, ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಸರ್ವಿಸ್ ಸೆಂಟರ್‌ನವರು ಡಿಸ್ಕ್, ಪ್ಯಾಡ್, ಕೂಲಿ ಸೇರಿಸಿ 23,600 ರೂಪಾಯಿ ಅಂದಾಜು ಕೊಟ್ಟಿದ್ದಾರೆ. ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ (ಡಿಸ್ಕಿನ ಮುಖವನ್ನು ತುಸು ಕೆತ್ತಿ ಸಮ ಮಾಡುವುದು) ಮಾಡಿಸುವುದೇ, ಹೊರಗಿನ ಡಿಸ್ಕ್ ಹಾಕಿಸುವುದೇ, ಕಂಪನಿಯದನ್ನೇ ಹಾಕಿಸುವುದೇ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಸಕಲೇಶಪುರದಿಂದ:
ಲೇತಿನ ಸಹವಾಸ ಬೇಡ ಸರ್. ನನ್ನ ಪಿಕಪ್‌ನ ಡಿಸ್ಕ್ ಹೊಸದರಲ್ಲಿ 28 ಮಿ.ಮೀ. ದಪ್ಪವಿತ್ತು, 26ಕ್ಕಿಂತ ತೆಳುವಾದರೆ ಬದಲಿಸಬೇಕೆಂದು ಡಿಸ್ಕಿನ ಮೇಲೆಯೇ ಅಚ್ಚೊತ್ತಿದೆ. ಗ್ಯಾರೇಜಿನವರು ಒಂದು ಡಿಸ್ಕಿಗೆ 700ರಂತೆ ಎರಡಕ್ಕೆ 1,400 ರೂಪಾಯಿಗೆ ಸ್ಕಿಮ್ಮಿಂಗ್ ಮಾಡಿಸಿ, ಬಿಚ್ಚಿ ಜೋಡಿಸಲು 1,200 ತೆಗೆದುಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ನಡುಕ ಮರಳಿತು. ಮತ್ತೆ ಅದೇ 2,600 ಕೊಟ್ಟು ಇನ್ನೊಮ್ಮೆ ಮಾಡಿಸಿದಾಗ ಡಿಸ್ಕ್ 25.7ಕ್ಕೆ ಇಳಿದಿತ್ತು, ಆದರೂ ಅವರು ಅದನ್ನೇ ಜೋಡಿಸಿ ಕಳಿಸಿದ್ದರು. ಕೊನೆಗೆ ಹೊಸ ಡಿಸ್ಕಿಗೆ 11,800, ಪ್ಯಾಡಿಗೆ 4,650, ಕೂಲಿಗೆ 1,500 ಕೊಟ್ಟೆ. ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಡಯಲ್ ಗೇಜ್ (ಓರೆ ಅಳೆಯುವ ಉಪಕರಣ) ಇಟ್ಟು ತಿರುಗಿಸಿ ತೋರಿಸಿದ ಮೇಲೆ ತಿಳಿದದ್ದೇನೆಂದರೆ, ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿಯೇ ತುಕ್ಕಿನ ಪದರವಿತ್ತು, ಅದನ್ನು ಉಜ್ಜದೆ ಅದರ ಮೇಲೆಯೇ ಡಿಸ್ಕ್ ಕೂರಿಸುತ್ತಿದ್ದರು. ಕೂದಲೆಳೆಯಷ್ಟು ಓರೆಯಾಗಿ ಕುಳಿತ ಡಿಸ್ಕ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತಾ ಅಲ್ಲಿ ಮಾತ್ರ ತೆಳುವಾಗುತ್ತದೆ. ಅದಕ್ಕೆ ನಾವೆಲ್ಲರೂ 'ಡಿಸ್ಕ್ ಬೆಂಡಾಗಿದೆ' ಎಂದು ಹೆಸರಿಟ್ಟು ದುಡ್ಡು ಸುರಿಯುತ್ತೇವೆ. ವ್ಹೀಲ್ ನಟ್‌ಗಳನ್ನು ಗಾಳಿಯ ಗನ್ನಿನಿಂದ ಒಂದೊಂದನ್ನು ಒಂದೊಂದು ಬಿಗಿಗೆ ಏರಿಸಿದರೂ ಇದೇ ಗತಿ.

ಮಂಗಳೂರಿನಿಂದ:
ನನ್ನದು ಏಳು ಸೀಟಿನ ದೊಡ್ಡ ಎಸ್‌ಯುವಿ, ಮನೆ ಸಮುದ್ರದ ಪಕ್ಕ. ಡಿಸ್ಕ್ ಎಂದರೆ ಬಣ್ಣವಿಲ್ಲದ ಎರಕದ ಕಬ್ಬಿಣ. ಗಾಡಿ ನಾಲ್ಕು ದಿನ ನಿಂತರೆ ಕೆಂಪಾಗುತ್ತದೆ, ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನುಗಳದ್ದು. ರಬ್ಬರ್ ಹರಿದು ಉಪ್ಪುನೀರು ಒಳಗೆ ಹೋಗಿ ಪಿನ್ ಹಿಡಿದುಕೊಂಡಿತು. ಹೊರಗಿನ ಪ್ಯಾಡ್ ಅರ್ಧ ಉಳಿದಿರುವಾಗಲೇ ಒಳಗಿನದು ತಗಡಿನವರೆಗೆ ಸವೆದು, ಡಿಸ್ಕಿನ ಒಳಮುಖದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಬಿದ್ದಿತು. ಹೊರಮುಖ ಕನ್ನಡಿಯಂತಿದ್ದುದರಿಂದ ಪ್ರತಿ ಸರ್ವಿಸಿನಲ್ಲೂ 'ಬ್ರೇಕ್ ಸರಿ ಇದೆ' ಎಂದೇ ಬರೆದುಕೊಟ್ಟಿದ್ದಾರೆ. ವಾರಂಟಿ ಕೇಳಿದರೆ ಡಿಸ್ಕ್, ಪ್ಯಾಡ್ ಎರಡೂ ಸವೆಯುವ ಭಾಗಗಳು, ಅವಕ್ಕೆ ಅನ್ವಯಿಸುವುದಿಲ್ಲ ಎಂದರು. ಕ್ಯಾಲಿಪರ್ ಒಂದಕ್ಕೆ 14,500ರಂತೆ ಎರಡನ್ನೂ ಬದಲಿಸಲು ಹೇಳಿದರು. ನಾನು ಹೊರಗೆ 620 ರೂಪಾಯಿಯ ಪಿನ್-ರಬ್ಬರ್ ಕಿಟ್ ಹಾಕಿಸಿ, ಸಿಲಿಕಾನ್ ಗ್ರೀಸ್ ಹಚ್ಚಿಸಿದ ಮೇಲೆ ಇಂದಿಗೂ ಸಮಸ್ಯೆಯಿಲ್ಲ. ಸಕಲೇಶಪುರದವರು ಲೇತನ್ನೇ ದೂರುವುದು ಸರಿಯಲ್ಲ. ನನ್ನ ಡಿಸ್ಕ್ ಅಳತೆಯೊಳಗೆ ಇತ್ತು, ಒಂದೇ ಸ್ಕಿಮ್ಮಿಂಗಿಗೆ ಸರಿಹೋಯಿತು.

ಹುಬ್ಬಳ್ಳಿಯಿಂದ:
ನನ್ನ ಪಿಕಪ್ 91,000 ಕಿ.ಮೀ. ಓಡಿದೆ, ಡಿಸ್ಕ್ ಇನ್ನೂ ಮೊದಲಿನದೇ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಗೂ ಹೋಗಿಬಂದಿದ್ದೇನೆ. ಏರುವಾಗ ಯಾವ ಗಿಯರೋ ಇಳಿಯುವಾಗಲೂ ಅದೇ ಗಿಯರ್ ಎಂಬುದನ್ನು ಪಾಲಿಸಿದರೆ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಘಟ್ಟದವರು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದು, ಆಮೇಲೆ ಡಿಸ್ಕ್ ಮಾಡಿದವರನ್ನು ಬೈಯುತ್ತಾರೆ. ಇಳಿಜಾರು ನಿಯಂತ್ರಣದ ಬಟನ್ ಕೊಟ್ಟಿರುವುದಾದರೂ ಯಾತಕ್ಕೆ?

ಮಡಿಕೇರಿಯಿಂದ:
ಹುಬ್ಬಳ್ಳಿಯ ಸಾಹೇಬರು ಒಂದು ಲೆಕ್ಕವನ್ನು ದಯಮಾಡಿ ನೋಡಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿತ ಸುಮಾರು 1,000 ಮೀಟರ್. ಹೊರೆ ಸೇರಿ ಎರಡೂವರೆ ಟನ್ ತೂಗುವ ಪಿಕಪ್ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.45 ಕೋಟಿ ಜೂಲ್. ಅದೇ ಗಾಡಿಯನ್ನು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಲು ಬೇಕಾದದ್ದು ಸುಮಾರು 6.2 ಲಕ್ಷ ಜೂಲ್. ಅಂದರೆ ಒಂದು ಇಳಿತವೆಂದರೆ ಅಂತಹ ನಲವತ್ತು ನಿಲುಗಡೆಗಳಷ್ಟು ಹೊರೆ. ಎಂಜಿನ್ ಮತ್ತು ಗಾಳಿ ಅದರಲ್ಲಿ ಎಷ್ಟೇ ಪಾಲು ಹೊತ್ತರೂ, ಮುಂದೆ ಬಸ್ಸು ನಿಂತಾಗ, ತಿರುವಿನಲ್ಲಿ ಲಾರಿ ಎದುರಾದಾಗ ಬ್ರೇಕೇ ಗತಿ. ಅರಬೈಲಿನ ಎತ್ತರ ಇದರ ಅರ್ಧದಷ್ಟು. ನಾನು ಎರಡನೇ ಗಿಯರಿನಲ್ಲೇ ಇಳಿಯುವವನು. ನ್ಯೂಟ್ರಲ್‌ನ ಆರೋಪವನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು. ಇನ್ನು ಆ ಬಟನ್ ಒತ್ತಿದರೆ ಎಬಿಎಸ್ ಪಂಪು ತಾನಾಗಿ ಬ್ರೇಕನ್ನೇ ಹಿಡಿದು ಬಿಡುತ್ತದೆ. ಗಂಟೆಗೆ ಹತ್ತು ಕಿ.ಮೀ.ನಲ್ಲಿ ಕೆಸರಿನ ತೋಟದ ದಾರಿಗೆ ಅದು ಒಳ್ಳೆಯದು, ಘಾಟಿಯ ಡಾಂಬರು ರಸ್ತೆಗಲ್ಲ. ನಾನು ಗೆರೆ ಕೊರೆದ ಹೊರಗಿನ ಡಿಸ್ಕ್‌ಗಳನ್ನು 19,200 ರೂಪಾಯಿಗೆ, ಸೆರಾಮಿಕ್ ಪ್ಯಾಡುಗಳನ್ನು 6,900ಕ್ಕೆ ತರಿಸಿ ಹಾಕಿಸಿಕೊಂಡಿದ್ದೇನೆ. ಬ್ರೇಕ್ ದ್ರವವನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕೊಟ್ಟ ಪ್ರತಿ ಪೈಸೆಗೂ ಬೆಲೆ ಬಂದಿದೆ.

ಹುಬ್ಬಳ್ಳಿಯಿಂದ:
26,100 ರೂಪಾಯಿ ಸುರಿದವರು ಅದನ್ನು ಹೊಗಳದೆ ಇರಲಾರರು. ನ್ಯೂಟ್ರಲ್ ವಿಷಯವನ್ನು ನಾನು ತಮ್ಮೊಬ್ಬರನ್ನು ಕುರಿತು ಹೇಳಿಲ್ಲ, ಆದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಡಿಸ್ಕಿನಲ್ಲಿ ಗೆರೆ ಕೊರೆದರೆ ಪ್ಯಾಡ್ ಇನ್ನೂ ಬೇಗ ಸವೆಯುತ್ತದೆ ಎಂಬುದನ್ನಾದರೂ ಪ್ರಶ್ನೆ ಕೇಳಿದವರಿಗೆ ತಿಳಿಸಿ.

ಡೆನ್ವರ್‌ನಿಂದ:
ಇಲ್ಲಿ ನಮ್ಮದು ದೊಡ್ಡ ಪಿಕಪ್, ಬೇಸಿಗೆಯಲ್ಲಿ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಎಳೆಯುತ್ತದೆ. ಬೆಟ್ಟದಿಂದ ಮರಳುವ ದಾರಿಯ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ, ಡೆನ್ವರ್ ಸುಮಾರು ಒಂದು ಮೈಲು ಎತ್ತರದಲ್ಲಿ, ಅಷ್ಟೂ ಇಳಿಯಬೇಕು. ಟ್ರೇಲರಿಗೆ ಅದರದೇ ವಿದ್ಯುತ್ ಬ್ರೇಕ್ ಇದೆ. ಅದರ ಬಲವನ್ನು ಕಡಿಮೆಗೆ ಇಟ್ಟರೆ ಟ್ರೇಲರಿನ ತೂಕವೆಲ್ಲ ಪಿಕಪ್‌ನ ಡಿಸ್ಕುಗಳ ಮೇಲೆ ಬೀಳುತ್ತದೆ. ಗಾಡಿ ಕೊಟ್ಟವರು ಅದನ್ನು ತೀರಾ ಕಡಿಮೆಗೆ ಹೊಂದಿಸಿ ಕೊಟ್ಟಿದ್ದರು, 30,000 ಮೈಲಿಗೆ ಮುಂದಿನ ಡಿಸ್ಕ್ ಮುಗಿಯಿತು. ನಾಲ್ಕೂ ಚಕ್ರಕ್ಕೆ 1,140 ಡಾಲರ್ ಕೇಳಿದರು. ಪದರ ಲೇಪಿಸಿದ ಡಿಸ್ಕ್ ಮತ್ತು ಪ್ಯಾಡುಗಳನ್ನು 430 ಡಾಲರಿಗೆ ತರಿಸಿ ಮನೆಯಂಗಳದಲ್ಲೇ ಹಾಕಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಮೆಗ್ನೀಸಿಯಂ ಕ್ಲೋರೈಡ್‌ನಿಂದ ಮಂಗಳೂರಿನವರು ಹೇಳಿದ ಪಿನ್ನಿನ ಗೋಳು ನಮಗೂ ಇದೆ.

ಶಿವಮೊಗ್ಗದಿಂದ:
ಪುತ್ತೂರಿನವರು ಗಾಡಿ ಎತ್ತರಿಸಿದ್ದೇವೆ ಎಂದು ಬರೆದದ್ದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಒಂದು ಕಡ್ಡಿ, ಅದಕ್ಕೊಂದು ವಾಲ್ವ್ ಇರುತ್ತದೆ. ಹೊರೆ ಹೇರಿ ಹಿಂಭಾಗ ಕುಸಿದಾಗ ಆ ವಾಲ್ವ್ ಹಿಂದಿನ ಡ್ರಮ್ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹಿಂಭಾಗವನ್ನು ಎರಡು ಇಂಚು ಎತ್ತರಿಸಿ ಕಡ್ಡಿಯನ್ನು ಹೊಂದಿಸದೆ ಬಿಟ್ಟರೆ, ಹೊರೆ ತುಂಬಿದಾಗಲೂ ಗಾಡಿ ಖಾಲಿಯಿದೆ ಎಂದೇ ಅದು ತಿಳಿಯುತ್ತದೆ. ಹಿಂದಿನ ಬ್ರೇಕ್ ತನ್ನ ಪಾಲು ಹೊರುವುದಿಲ್ಲ, ಮುಂದಿನ ಡಿಸ್ಕ್ ಸುಡುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಅಷ್ಟೇ ಬೇಗ ನಿಲ್ಲಿಸಲು ಡಿಸ್ಕಿನ ಮೇಲೆ ಇನ್ನಷ್ಟು ಬಲ ಬೇಕು. ನನ್ನ ಗಾಡಿಯಲ್ಲಿ ಇದನ್ನು ಪತ್ತೆ ಹಚ್ಚುವವರೆಗೆ ಎರಡು ಜೊತೆ ಡಿಸ್ಕ್, ಒಟ್ಟು 24,300 ರೂಪಾಯಿ ಹೋಯಿತು. ಎತ್ತರಿಸಿದ ಅಂಗಡಿಯವರು ಈ ಕಡ್ಡಿಯ ಹೆಸರನ್ನೇ ಎತ್ತಿರಲಿಲ್ಲ.

ಚಿಕ್ಕಮಗಳೂರಿನಿಂದ:
ಎತ್ತರಿಸಿದ ಗಾಡಿಗಳ ಮೇಲೆ ಎಲ್ಲ ಅಪರಾಧವನ್ನೂ ಹೊರಿಸುವುದು ಈಚೆಗೆ ರೂಢಿಯಾಗಿದೆ. ನನ್ನದೂ ಎರಡು ಇಂಚು ಎತ್ತರದ್ದೇ, ಚಾರ್ಮಾಡಿ ಇಳಿಯುತ್ತದೆ, ಡಿಸ್ಕ್ 70,000 ಕಿ.ಮೀ. ಬಂದಿದೆ. ಕೆಲಸ ಬಲ್ಲವರ ಬಳಿ ಮಾಡಿಸಿದರೆ ಏನೂ ಆಗುವುದಿಲ್ಲ.

ಶಿವಮೊಗ್ಗದಿಂದ:
ಕಡ್ಡಿ ಹೊಂದಿಸಿ ಕೊಟ್ಟಿದ್ದಾರೆಯೇ ಎಂದು ಗಾಡಿಯ ಕೆಳಗೆ ಬಗ್ಗಿ ನೋಡಿ ಆಮೇಲೆ ಬರೆಯಿರಿ. ಪುತ್ತೂರಿನವರೇ, 23,600 ಕೊಡುವ ಮೊದಲು ಹಿಂದಿನ ಎರಡೂ ಡ್ರಮ್ ಬಿಚ್ಚಿಸಿ. 42,000 ಕಿ.ಮೀ. ಹೊರೆ ಹೊತ್ತ ಗಾಡಿಯಲ್ಲಿ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಹೊಸದರಂತೆಯೇ ಇದ್ದರೆ ಹಿಂದಿನ ಬ್ರೇಕ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ವಾಲ್ವಿನ ಕಡ್ಡಿಯ ಜೊತೆಗೆ ಡ್ರಮ್ಮಿನೊಳಗಿನ ಅಡ್ಜಸ್ಟರ್ (ಲೈನರ್ ಸವೆದಂತೆ ಅಂತರ ಸರಿಪಡಿಸುವ ಭಾಗ) ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಿಸಿ. ನನಗೆ ಕಡ್ಡಿಯ ಬ್ರ್ಯಾಕೆಟ್ಟಿಗೆ 850, ಹೊಂದಿಸಿ ಬ್ರೇಕ್ ಪೈಪಿನ ಗಾಳಿ ತೆಗೆಯಲು 600 ರೂಪಾಯಿ ಆಯಿತು. ಡಿಸ್ಕ್ ಯಾವುದನ್ನು ಹಾಕಿಸಬೇಕೆಂಬುದನ್ನು ಅದಾದ ಮೇಲೆ ನೋಡಿಕೊಳ್ಳಿ.